ದೂರದ ರ‍್ಯಾಲಿಗೆ ಆಫ್‌ರೋಡ್ ಬೈಕನ್ನು ಸಜ್ಜುಗೊಳಿಸುವ ಕ್ರಮ

ಮಣ್ಣಿನ ಟ್ರ್ಯಾಕಿನಲ್ಲಿ ಸುತ್ತುವ ಮೋಟೋಕ್ರಾಸ್ ಬೈಕು ಅರ್ಧ ಗಂಟೆ ಓಡಿ ಮೆಕ್ಯಾನಿಕ್ ಕೈಗೆ ಮರಳುತ್ತದೆ. ರ‍್ಯಾಲಿ ಬೈಕಾದರೋ ದಿನವೊಂದಕ್ಕೆ ನೂರಾರು ಕಿಲೋಮೀಟರ್ ಓಡಬೇಕು, ನಡುದಾರಿಯಲ್ಲಿ ಕೆಟ್ಟರೆ ಸವಾರನೇ ಅದನ್ನು ಸರಿಪಡಿಸಿಕೊಳ್ಳಬೇಕು. 2015ರಲ್ಲಿ, ದುರ್ಗಮ ದಾರಿಗಳಲ್ಲಿ ದಿನಗಟ್ಟಲೆ ನಡೆಯುವ ಡಕಾರ್ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯರಾದ ಬೆಂಗಳೂರಿನ ಸಿ.ಎಸ್. ಸಂತೋಷ್ ಅವರ 36ನೆಯ ಸ್ಥಾನವನ್ನು ಇಂದಿಗೂ ಹೆಮ್ಮೆಯಿಂದ ನೆನೆಯುವುದು ಇದೇ ಕಾರಣಕ್ಕೆ. ಆದ್ದರಿಂದ ಹೊಸಬರು ಎಂಜಿನ್ನಿನ ಶಕ್ತಿ ಹೆಚ್ಚಿಸಲು ಹಣ ಸುರಿಯಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮಲ್ಲಿ ಸುಲಭವಾಗಿ ಸಿಗುವ ಹೀರೋ ಎಕ್ಸ್‌ಪಲ್ಸ್ 200 ಬೈಕನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಮೊದಲ ಖರ್ಚು ಸಸ್ಪೆನ್ಷನ್‌ಗೆ ಮೀಸಲಿರಲಿ. ಸಾಮಾನ್ಯ ಎಕ್ಸ್‌ಪಲ್ಸ್‌ನಲ್ಲಿ ಮುಂದಿನ ಸಸ್ಪೆನ್ಷನ್ 190 ಮಿ.ಮೀ., ಹಿಂದಿನದು 170 ಮಿ.ಮೀ. ಚಲಿಸುತ್ತದೆ. ಕಂಪನಿಯ ರ‍್ಯಾಲಿ ಕಿಟ್ ಹಾಕಿದರೆ ಅದು 250 ಮತ್ತು 220 ಮಿ.ಮೀ.ಗೆ ಏರುತ್ತದೆ. ಕಿಟ್ ಹಾಕಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಹಿಂಚಕ್ರವನ್ನು ನೆಲದಿಂದ ಎತ್ತಿ, ಆಕ್ಸಲ್‌ನಿಂದ ಮೇಲಿನ ಮಡ್‌ಗಾರ್ಡಿನ ಒಂದು ಗುರುತಿನವರೆಗೆ ಅಳೆಯಿರಿ. ಬಳಿಕ ಪೂರ್ತಿ ರೈಡಿಂಗ್ ಉಡುಪು, ನೀರು, ಟೂಲ್ಸ್ ಸಮೇತ ಕುಳಿತು ಇನ್ನೊಬ್ಬರಿಂದ ಅದೇ ಅಳತೆ ತೆಗೆಸಿ. ವ್ಯತ್ಯಾಸವು ಕಿಟ್ ಹಾಕಿದ ಹಿಂದಿನ ಸಸ್ಪೆನ್ಷನ್ನಿನ ಒಟ್ಟು ಚಲನೆಯ ಮೂರನೆಯ ಒಂದು ಭಾಗದಷ್ಟು, ಅಂದರೆ ಸುಮಾರು 70 ಮಿ.ಮೀ. ಇರಬೇಕು. ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಎಷ್ಟು ಅದುಮಿಡಬೇಕೆಂಬ ಹೊಂದಾಣಿಕೆ) ತಿರುಗಿಸಿದರೂ ಅದು ಹೊಂದದಿದ್ದರೆ ನಿಮ್ಮ ತೂಕಕ್ಕೆ ತಕ್ಕ ಸ್ಪ್ರಿಂಗ್ ಹಾಕಿಸಬೇಕು.

ಎಂಜಿನ್ನಿಗೆ ದೊಡ್ಡ ಶತ್ರು ಧೂಳು. ಫೋಮ್ ಏರ್ ಫಿಲ್ಟರಿಗೆ ಎಣ್ಣೆ ಹಚ್ಚುವಾಗ ಮೇಲಿಂದ ಸುರಿದು ಬಿಡದೆ, ಬಣ್ಣ ಎಲ್ಲೆಡೆ ಒಂದೇ ತೆರನಾಗುವವರೆಗೆ ಅಂಗೈಯಲ್ಲಿ ಹಿಂಡಬೇಕು. ತಿರುಚಿದರೆ ಫೋಮಿನ ಹೊಲಿಗೆ ಬಿಡುತ್ತದೆ. ಅಂಚಿಗೆ ತೆಳುವಾಗಿ ಗ್ರೀಸ್ ಸವರಿ ಕೂರಿಸಿ. ಒಂದು ದಿನ ಧೂಳಿನಲ್ಲಿ ಓಡಿಸಿದ ಮೇಲೆ ಫಿಲ್ಟರ್ ತೆಗೆದು, ಅದರಾಚೆಗಿನ ಇನ್‌ಟೇಕ್ ಕೊಳವೆಯ ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಗೆ ಕಂದು ಛಾಯೆ ತಗುಲಿದರೂ ಸಾಕು, ಧೂಳು ಎಲ್ಲಿಂದಲೋ ಒಳನುಗ್ಗುತ್ತಿದೆ ಎಂದರ್ಥ; ಆ ಸಂದನ್ನು ಮುಚ್ಚುವವರೆಗೆ ಬೈಕನ್ನು ಸ್ಪರ್ಧೆಗೆ ಒಯ್ಯಬೇಡಿ.

ಟೈರುಗಳಿಗೆ ದಪ್ಪನೆಯ ಹೆವಿ ಡ್ಯೂಟಿ ಟ್ಯೂಬ್ ಮತ್ತು ಟೈರನ್ನು ರಿಮ್ಮಿಗೆ ಬಿಗಿಹಿಡಿಯುವ ರಿಮ್ ಲಾಕ್ ಹಾಕಿಸಿ, ಏಕೆಂದರೆ ಮರಳಿಗಾಗಿ ಗಾಳಿ ಇಳಿಸಿದಾಗ ಲಾಕ್ ಇಲ್ಲದ ಟೈರು ರಿಮ್ಮಿನ ಮೇಲೆ ಜಾರಿ ಟ್ಯೂಬಿನ ವಾಲ್ವನ್ನೇ ಕಿತ್ತುಹಾಕುತ್ತದೆ. ಜೊತೆಗೆ 21 ಇಂಚಿನ ಒಂದು ಮುಂದಿನ ಟ್ಯೂಬ್ ಒಯ್ದರೆ ಸಾಕು. ತುರ್ತಿನಲ್ಲಿ ಅದನ್ನು 18 ಇಂಚಿನ ಹಿಂದಿನ ಚಕ್ರಕ್ಕೂ ತುರುಕಬಹುದು. ಸಸ್ಪೆನ್ಷನ್ ಎತ್ತರಿಸಿದ ಬೈಕಿನಲ್ಲಿ ಚೈನ್ ಬಿಗಿಯನ್ನು ಸ್ಟ್ಯಾಂಡಿನ ಮೇಲೆ ನೋಡಿ ನಿರ್ಧರಿಸಬಾರದು. ಮುಂದಿನ ಸ್ಪ್ರಾಕೆಟ್, ಸ್ವಿಂಗ್‌ಆರ್ಮ್ ಪಿವಟ್ (ಹಿಂಚಕ್ರ ಹಿಡಿದ ತೋಳಿನ ಕೀಲು), ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತ್ಯಂತ ಬಿಗಿಯಾಗುತ್ತದೆ, ಆ ಸ್ಥಿತಿಯಲ್ಲೂ ಅದರಲ್ಲಿ ತುಸು ಸಡಿಲ ಉಳಿದಿರಬೇಕು.

ಸ್ಪ್ರಾಕೆಟ್, ಡಿಸ್ಕ್, ಫುಟ್‌ಪೆಗ್ ಬೋಲ್ಟುಗಳನ್ನು ಬಿಚ್ಚಿ, ಎಣ್ಣೆಪಸೆ ತೆಗೆದು, ನೀಲಿ ಥ್ರೆಡ್‌ಲಾಕರ್ (ಬೋಲ್ಟ್ ಸಡಿಲಗೊಳ್ಳದಂತೆ ತಡೆಯುವ ಅಂಟು) ಹಚ್ಚಿ, ನಿಗದಿತ ಬಲದಷ್ಟೇ ಬಿಗಿಯುವ ಟಾರ್ಕ್ ರೆಂಚಿನಲ್ಲಿ ಬಿಗಿಯಿರಿ. ಬಳಿಕ ಪೇಂಟ್ ಪೆನ್ನಿನಿಂದ ಬೋಲ್ಟಿನ ತಲೆಗೂ ಪಕ್ಕದ ಲೋಹಕ್ಕೂ ಸೇರಿದಂತೆ ಒಂದು ಗೆರೆ ಎಳೆದರೆ, ಸಂಜೆ ಟಾರ್ಚ್ ಬೆಳಕಿನಲ್ಲೂ ಯಾವುದು ಸಡಿಲಗೊಂಡಿದೆಯೆಂದು ಕಣ್ಣಿಗೇ ತಿಳಿಯುತ್ತದೆ. ಹೊಸ ಕ್ಲಚ್ ಕೇಬಲನ್ನು ಹಳೆಯದರ ಪಕ್ಕದಲ್ಲೇ ಕಟ್ಟಿ, ಎರಡೂ ತುದಿಗಳನ್ನು ಟೇಪಿನಿಂದ ಮುಚ್ಚಿಡಿ. ಹಳೆಯದು ತುಂಡಾದರೆ ಟ್ಯಾಂಕ್ ಬಿಚ್ಚುವ ಗೋಜೇ ಇರುವುದಿಲ್ಲ.

ರೋಡ್‌ಬುಕ್ (ದಾರಿಯ ಸೂಚನೆಗಳಿರುವ ಸುರುಳಿ) ಪೆಟ್ಟಿಗೆ ಮತ್ತು ಓಡಿದ ದೂರ ತೋರುವ ಟ್ರಿಪ್‌ಮೀಟರನ್ನು ನಿಂತು ಓಡಿಸುವಾಗ ತಲೆ ಬಗ್ಗಿಸದೆ ಕಾಣುವ ಎತ್ತರದಲ್ಲಿ, ಅದರ ಸ್ವಿಚ್ಚನ್ನು ಎಡ ಹೆಬ್ಬೆರಳಿಗೆ ಎಟಕುವಂತೆ ಜೋಡಿಸಿ. ಟೈರ್ ಬದಲಿಸಿದಾಗಲೆಲ್ಲ ಅಳತೆ ಗೊತ್ತಿರುವ ದಾರಿಯಲ್ಲಿ ಓಡಿಸಿ ಟ್ರಿಪ್‌ಮೀಟರನ್ನು ಹೊಂದಿಸಬೇಕು. 13 ಲೀಟರ್ ಟ್ಯಾಂಕ್ ಎಷ್ಟು ದೂರಕ್ಕೆ ಸಾಲುತ್ತದೆಂಬುದನ್ನೂ ಡಾಂಬರು ರಸ್ತೆಯ ಮೈಲೇಜಿನಿಂದ ಲೆಕ್ಕ ಹಾಕದೆ, ಮರಳಿನಲ್ಲಿ ಓಡಿಸಿಯೇ ತಿಳಿಯಿರಿ.

ದಾರಿಯಲ್ಲಿ ಒಯ್ಯುವ ಟೂಲ್ಸ್ ಆರಿಸಲು ಒಂದೇ ದಾರಿ: ಅಷ್ಟನ್ನೇ ಬಳಸಿ ಮನೆಯಂಗಳದಲ್ಲಿ ಎರಡೂ ಚಕ್ರ ಬಿಚ್ಚಿ, ಟ್ಯೂಬ್ ಬದಲಿಸಿ, ಮತ್ತೆ ಜೋಡಿಸಿ. ಬಳಸದೆ ಉಳಿದ ಸ್ಪ್ಯಾನರುಗಳನ್ನು ಹೊರಗಿಡಿ. ಕೊನೆಯದಾಗಿ, ಹೊಸದಾಗಿ ಹಾಕಿದ ಯಾವ ಭಾಗವೂ ಸ್ಪರ್ಧೆಯ ದಿನವೇ ಮೊದಲ ಬಾರಿ ಓಡಬಾರದು. ಒಂದೆರಡು ವಾರ ಮುಂಚೆಯೇ ಪೂರ್ತಿ ಸಾಮಾನಿನೊಂದಿಗೆ ಕಲ್ಲುದಾರಿಯಲ್ಲಿ ದಿನವಿಡೀ ಓಡಿಸಿ, ಸ್ಪೋಕುಗಳನ್ನು ಒಂದೊಂದಾಗಿ ತಟ್ಟಿ, ಮಂಕು ಸದ್ದು ಬಂದವನ್ನು ಬಿಗಿಗೊಳಿಸಿ.