ವೇಗಮಿತಿ ಮೀರಿದವರಿಗೆ ತರಬೇತಿ: ಇಂಗ್ಲೆಂಡ್ ಮತ್ತು ವೇಲ್ಸ್‌ನ ಕ್ರಮ

ನಿಮ್ಮ ಕಾರು ವೇಗದ ಕ್ಯಾಮೆರಾಕ್ಕೆ ಸಿಕ್ಕಿಬಿದ್ದರೆ, ಸಾಮಾನ್ಯವಾಗಿ 14 ದಿನಗಳೊಳಗೆ ಪೊಲೀಸರ ನೋಟಿಸು ವಾಹನದ ನೋಂದಾಯಿತ ಹೊಣೆಗಾರರಿಗೆ ತಲುಪುತ್ತದೆ. ಅಂದು ಚಾಲನೆ ಮಾಡಿದವರು ಯಾರೆಂಬುದನ್ನು ಅವರು 28 ದಿನಗಳಲ್ಲಿ ತಿಳಿಸಲೇಬೇಕು, ಏಕೆಂದರೆ ಉತ್ತರಿಸದಿರುವುದೇ ಬೇರೊಂದು ಅಪರಾಧವಾಗುತ್ತದೆ. ದಂಡದ ಬದಲಿಗೆ ಸಿಗುವ ಸುರಕ್ಷಿತ ವೇಗದ ತರಬೇತಿಯನ್ನು ಹಕ್ಕಿನಂತೆ ಕೇಳಿ ಪಡೆಯಲಾಗದು, ಪೊಲೀಸರೇ ಅವಕಾಶ ನೀಡಬೇಕು. ಗಂಟೆಗೆ 30 ಮೈಲಿ ಮಿತಿಯ ರಸ್ತೆಯಲ್ಲಿ ಸಾಮಾನ್ಯವಾಗಿ 35ರಿಂದ 42 ಮೈಲಿ ವೇಗದಲ್ಲಿ ಹೋದವರಿಗೆ, ಅದೂ ಹಿಂದಿನ 3 ವರ್ಷಗಳಲ್ಲಿ ಇದೇ ತರಬೇತಿಗೆ ಹೋಗಿರದಿದ್ದರೆ, ಈ ಅವಕಾಶ ದೊರೆಯುತ್ತದೆ. ಶುಲ್ಕವನ್ನು ನೀವೇ ಭರಿಸಬೇಕು. ಆದರೆ ಕನಿಷ್ಠ 100 ಪೌಂಡ್ ದಂಡವೂ ಚಾಲನಾ ಪರವಾನಗಿಯ ಮೇಲೆ ತಪ್ಪಿನ ಗುರುತಾಗಿ ಬೀಳುವ 3 ಪಾಯಿಂಟುಗಳೂ ತಪ್ಪುವುದರಿಂದ, ಒಪ್ಪಿಕೊಳ್ಳುವುದೇ ಲೇಸೆಂದು ನನ್ನ ಎಣಿಕೆ. ಕೊನೆಯಲ್ಲಿ ಪರೀಕ್ಷೆಯಿಲ್ಲ. ಆದರೂ ಆನ್‌ಲೈನ್ ತರಗತಿಯಲ್ಲಿ ಗುರುತಿನ ಚೀಟಿ ತೋರಿಸಿ, ಕ್ಯಾಮೆರಾ ತೆರೆದಿಟ್ಟು, ಚರ್ಚೆಯಲ್ಲಿ ಪಾಲ್ಗೊಳ್ಳದಿದ್ದರೆ ತರಬೇತಿ ಮುಗಿಸಿದಂತೆ ಪರಿಗಣಿಸುವುದಿಲ್ಲ.