ಹನ್ನೊಂದು ವರ್ಷದ ಕಾಲು, ಒಂದು ಗ್ಯಾಸ್ ಮಾತ್ರೆ

ಒಳಗೆ ಬಂದವರೇ ಪಂಚೆ ಎತ್ತಿ ಕಟ್ಟಿ, ಬಲಗಾಲನ್ನು ನನ್ನ ಮುಂದಿದ್ದ ಸ್ಟೂಲಿನ ಮೇಲಿಟ್ಟರು. ಹೆಸರು, ಊರು ಎಲ್ಲ ಆಮೇಲೆ. ಹರಡಿನಿಂದ ಮೀನಖಂಡದ ಅರ್ಧದವರೆಗೆ ಚರ್ಮ ಹೂಕೋಸಿನ ಹಾಗೆ ಗಂಟುಗಂಟಾಗಿ ಎದ್ದಿತ್ತು. ನಡುವೆ ಅಲ್ಲಲ್ಲಿ ಬಿಳಿಚಿದ ಕಲೆ, ಪಾದ ಸ್ವಲ್ಪ ಊದಿಕೊಂಡಿತ್ತು, ಹತ್ತಿರ ಬಗ್ಗಿದರೆ ವಾಸನೆಯೂ ಇತ್ತು.

"ಹನ್ನೊಂದು ವರ್ಷ ಆತು ಡಾಕ್ಟ್ರೇ. ನೀವು ಎಷ್ಟನೇ ಡಾಕ್ಟ್ರು ಅಂತ ಲೆಕ್ಕ ಇಡೋದು ಬಿಟ್ಟಿದೀನಿ."

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು. ವಯಸ್ಸು ಐವತ್ತೆಂಟು. ಜವಳಿ ಅಂಗಡಿಯ ಚೀಲದ ತುಂಬ ಹಳೇ ಚೀಟಿಗಳು. ನರುಲಿ ಅಂತ ಎರಡು ಸಲ ಸುಟ್ಟಿದ್ದರು. ಚರ್ಮದ ಟೀಬಿ ಅಂತ ಆರು ತಿಂಗಳು ಮಾತ್ರೆ ನುಂಗಿಸಿದ್ದರು, ಯಾಕೆಂದರೆ ಟೀಬಿ ಸೋಂಕು ತಗುಲಿದೆಯೇ ಅಂತ ಕೈಗೆ ಚುಚ್ಚಿ ನೋಡುವ ಮಾಂಟೂ ಪರೀಕ್ಷೆ ಪಾಸಿಟಿವ್ ಬಂದಿತ್ತು. ನಮ್ಮ ದೇಶದಲ್ಲಿ ವಯಸ್ಸಾದವರಿಗೆ ಮಾಂಟೂ ಮಾಡಿದರೆ ಎಷ್ಟೋ ಜನಕ್ಕೆ ಪಾಸಿಟಿವ್ ಬರುತ್ತದೆ, ಅದರಿಂದ ಕಾಲಿನ ಗಂಟಿನ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಹಾಗಂತ ಬರೆದವರನ್ನು ದೂರಲಾರೆ. ಹಳೇ ಗಂಟುಗಂಟು ಕಾಲು ಕಂಡರೆ ನನ್ನ ತಲೆಗೂ ಮೊದಲು ಬರುವುದು ಟೀಬಿಯೇ.

ಚರ್ಮವನ್ನು ದೊಡ್ಡದಾಗಿ ತೋರಿಸುವ ಡರ್ಮೋಸ್ಕೋಪ್ ಇಟ್ಟು ನೋಡಿದೆ. ಗಂಟುಗಳ ಮೇಲೆ ಸಣ್ಣ ಸಣ್ಣ ಕರಿಚುಕ್ಕೆಗಳು, ಕಾಳುಮೆಣಸನ್ನು ತರಿತರಿಯಾಗಿ ಕುಟ್ಟಿ ಉದುರಿಸಿದ ಹಾಗೆ. ಬರಿಗಣ್ಣಿಗೆ ಇವು ಕೊಳೆಯಂತೆ ಕಾಣುತ್ತವೆ. ರೋಗಿ ಬರುವ ಮುಂಚೆ ಚೆನ್ನಾಗಿ ತಿಕ್ಕಿ ತೊಳೆದುಕೊಂಡು ಬಂದರೆ ಎಷ್ಟೋ ಹೋಗಿಯೂ ಬಿಡುತ್ತವೆ. ಆದರೆ ಎಲ್ಲ ಇರುವುದು ಅಲ್ಲೇ. ಒಳಗೆ ಸೇರಿದ ಶಿಲೀಂಧ್ರವನ್ನು ಚರ್ಮ ಮೆಲ್ಲಗೆ ಮೇಲಕ್ಕೆ ದೂಡುತ್ತಿರುತ್ತದೆ. ಒಣಗಿದ ರಕ್ತದ ಜೊತೆ ಅದು ಬಂದು ನಿಲ್ಲುವ ಜಾಗ ಈ ಚುಕ್ಕೆ.

ಬ್ಲೇಡಿನ ತುದಿಯಿಂದ ನಾಲ್ಕೈದು ಚುಕ್ಕೆ ಕೆರೆದು ಗಾಜಿನ ಸ್ಲೈಡಿಗೆ ಹಾಕಿ, ಮೇಲೆ ಎರಡು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಿಟ್ಟು ಮುಚ್ಚಿಟ್ಟೆ. ಸತ್ತ ಚರ್ಮ ಕರಗಲು ಇಪ್ಪತ್ತು ನಿಮಿಷವಾದರೂ ಬೇಕು. ಖರ್ಚು ಒಂದು ಕಾಫಿಯಷ್ಟೂ ಇಲ್ಲ. ಆ ಇಪ್ಪತ್ತು ನಿಮಿಷದಲ್ಲಿ ಕೂತು ಕೆಲಸದ ಬಗ್ಗೆ ಕೇಳಿದೆ. ಮೊದಲು ಎಲ್ಲಿ ಶುರುವಾಯಿತು? ಹರಡಿನ ಹತ್ತಿರ, ಹುಣಸೆ ಬೀಜದಷ್ಟು. ಅದಕ್ಕೂ ಮುಂಚೆ? ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ತೋಟದ ಬಸಿಗಾಲುವೆ ಎತ್ತುವಾಗ ಕೊಳೆತ ಬಿದಿರಿನ ಸಿಬಿರು ಹೊಕ್ಕಿತ್ತು, ಹೆಂಡತಿ ಸೂಜಿಯಲ್ಲಿ ತೆಗೆದಿದ್ದರು. "ಅದಕ್ಕೂ ಇದಕ್ಕೂ ಏನು ಸಂಬಂಧ? ಅದು ವಾಸಿಯಾಗಿ ವರ್ಷದ ಮೇಲೆ ಇದು ಬಂದದ್ದು."

ಸೂಕ್ಷ್ಮದರ್ಶಕದಲ್ಲಿ ಸಂಬಂಧ ಕಂಡಿತು. ಕಂದು ಬಣ್ಣದ, ದಪ್ಪ ಗೋಡೆಯ ದುಂಡು ಕೋಶಗಳು, ನಡುವೆ ಅಡ್ಡಗೆರೆ. ಪಠ್ಯಪುಸ್ತಕದಲ್ಲಿ ತಾಮ್ರದ ನಾಣ್ಯಕ್ಕೆ ಹೋಲಿಸುತ್ತಾರೆ. ಅವರನ್ನೇ ಕರೆದು ತೋರಿಸಿದೆ. ಒಂದು ಕಣ್ಣು ಮುಚ್ಚಿ ನೋಡಿ, "ಬೆಟ್ಟೆ ಅಡಿಕೆ ಹೋಳು ಹರಡಿದ ಹಾಗೆ ಕಾಣ್ತದಲ್ಲ" ಅಂದರು. ಅಂದಿನಿಂದ ನನಗೂ ಅದು ಬೆಟ್ಟೆಯಂತೆಯೇ ಕಾಣುತ್ತದೆ.

ರೋಗದ ಹೆಸರು ಕ್ರೋಮೋಬ್ಲಾಸ್ಟೋಮೈಕೋಸಿಸ್. ಮಣ್ಣಿನಲ್ಲಿ, ಕೊಳೆತ ಕಟ್ಟಿಗೆಯಲ್ಲಿ, ದರಗಿನಲ್ಲಿ ಇರುವ ಕಪ್ಪು ಬಣ್ಣದ ಶಿಲೀಂಧ್ರಗಳು ಮುಳ್ಳು ಸಿಬಿರಿನ ಜೊತೆ ಒಳಹೊಕ್ಕು, ತಿಂಗಳುಗಟ್ಟಲೆ ಸುಮ್ಮನಿದ್ದು, ನಿಧಾನಕ್ಕೆ ಬೆಳೆಯುತ್ತವೆ. ಮಳೆ ಹೆಚ್ಚಿರುವ, ಜನ ಬರಿಗಾಲಲ್ಲಿ ಕೆಲಸ ಮಾಡುವ ಉಷ್ಣವಲಯದ ನಾಡುಗಳ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ನಿರ್ಲಕ್ಷಿತ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು 2017ರಲ್ಲಿ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ ಅಂದಾಗ ಅವರು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಮೊಮ್ಮಗು ಹುಟ್ಟಿದ ಮೇಲೆ ತಟ್ಟೆ, ಲೋಟ, ಹಾಸಿಗೆ ಎಲ್ಲ ಬೇರೆ ಮಾಡಿಕೊಂಡಿದ್ದರಂತೆ. ಯಾರೂ ಹೇಳಿರಲಿಲ್ಲ, ತಾವಾಗಿಯೇ.

ಎಲ್ಲಕ್ಕಿಂತ ದಪ್ಪ ಗಂಟಿನಿಂದ ಒಂದು ತುಣುಕು ಬಯಾಪ್ಸಿಗೆ ಕಳಿಸಿದೆ. ಇಷ್ಟು ಹಳೇ ಗಾಯದಲ್ಲಿ ಕ್ಯಾನ್ಸರ್ ಹುಟ್ಟಿಕೊಳ್ಳುವುದುಂಟು. ಪುಣ್ಯಕ್ಕೆ ಇರಲಿಲ್ಲ. ಇನ್ನೊಂದು ತುಣುಕು ಕಲ್ಚರಿಗೆ, ಅಂದರೆ ಶಿಲೀಂಧ್ರವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡಲು. ಶಿಲೀಂಧ್ರ ಕೊಲ್ಲುವ ಇಟ್ರಾಕೊನಜೋಲ್ 200 ಮಿಲಿಗ್ರಾಂ ದಿನಕ್ಕೆರಡು ಸಲ ಶುರು ಮಾಡಿದೆ, ತಿಂಗಳಿಗೊಮ್ಮೆ ಲಿವರ್ ಪರೀಕ್ಷೆ. ಜೊತೆಗೆ ಮೂರು ವಾರಕ್ಕೊಮ್ಮೆ ದ್ರವ ಸಾರಜನಕದಿಂದ ಗಂಟುಗಳನ್ನು ಹೆಪ್ಪುಗಟ್ಟಿಸುವುದು. ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಈ ದ್ರವದ ಪಾತ್ರೆ ನೋಡಿದ್ದೇ ಅವರಿಗೆ ಗುರುತು ಸಿಕ್ಕಿತು. "ಇದು ಪಶು ಆಸ್ಪತ್ರೇಲಿ ಹಸುಗಳಿಗೆ ಇಂಜೆಕ್ಷನ್ ಇಡೋ ಕ್ಯಾನ್ ಅಲ್ವಾ?" ಹೌದು, ಅದೇ ಸಾರಜನಕ.

ಎರಡು ತಿಂಗಳು ಕಳೆಯಿತು. ಕಾಲು ಇದ್ದ ಹಾಗೇ ಇತ್ತು. ಕಲ್ಚರಿನಲ್ಲಿ ಕಪ್ಪು ಮಖಮಲ್ಲಿನಂಥ ಶಿಲೀಂಧ್ರ ಬೆಳೆದಿತ್ತು, ಹಾಗಾಗಿ ರೋಗದ ಬಗ್ಗೆ ಸಂಶಯವಿರಲಿಲ್ಲ. ಔಷಧಿಯ ಬಗ್ಗೆ ಶುರುವಾಯಿತು. ಕಂಪನಿ ಬದಲಿಸಲೇ? ಔಷಧಿಯನ್ನು ತಡೆದುಕೊಳ್ಳುವ ಶಕ್ತಿ ಶಿಲೀಂಧ್ರಕ್ಕೆ ಬಂದಿದೆಯೇ? ಮಾತ್ರೆ ನಿಜಕ್ಕೂ ನುಂಗುತ್ತಿದ್ದಾರೆಯೇ? ಈ ಮೂರನೆಯದನ್ನು ಸ್ವಲ್ಪ ಗಡುಸಾಗಿಯೇ ಕೇಳಿಬಿಟ್ಟೆ. ಅವರಿಗೆ ಬೇಜಾರಾಯಿತು. ಚೀಲದಿಂದ ಖಾಲಿ ಪಟ್ಟಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟರು. ಎಲ್ಲ ಸರಿಯಾಗಿತ್ತು. ಅವುಗಳ ನಡುವೆ ಬೇರೆ ಬಣ್ಣದ ಒಂದು ಪಟ್ಟಿ ಇತ್ತು.

"ಇದೇನು?"

"ಅದು ಮಾತ್ರೆ ಅಲ್ಲ ಬಿಡಿ. ಗ್ಯಾಸಿಂದು."

ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಪ್ಯಾಂಟೊಪ್ರಜೋಲ್, ಏಳೆಂಟು ವರ್ಷಗಳಿಂದ. ಇಟ್ರಾಕೊನಜೋಲ್ ಕ್ಯಾಪ್ಸೂಲ್ ಕರಗಿ ರಕ್ತ ಸೇರಲು ಹೊಟ್ಟೆಯಲ್ಲಿ ಆಮ್ಲ ಬೇಕು. ಗ್ಯಾಸ್ ಮಾತ್ರೆಯ ಕೆಲಸವೇ ಆ ಆಮ್ಲವನ್ನು ತಗ್ಗಿಸುವುದು. ಅಷ್ಟು ದುಬಾರಿ ಔಷಧಿಯ ಬಹುಪಾಲು ಬಂದ ದಾರಿ ಹಿಡಿದು ಹೊರಗೆ ಹೋಗಿತ್ತು. ಮೊದಲ ದಿನವೇ ನಾನು ಕೇಳಿದ್ದೆ, "ಬೇರೆ ಏನಾದರೂ ಮಾತ್ರೆ ತಗೋತೀರಾ?" ಅವರು ಇಲ್ಲ ಅಂದಿದ್ದರು. ಅವರ ಮಟ್ಟಿಗೆ ಅದು ಸುಳ್ಳಲ್ಲ. ಗ್ಯಾಸಿಂದು ಮಾತ್ರೆ ಅಲ್ಲವಲ್ಲ.

ಈಗ ಆ ಪ್ರಶ್ನೆಯನ್ನೇ ಬಿಟ್ಟಿದ್ದೇನೆ. ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವ ತನಕ ಬಾಯಿಗೆ ಏನೇನು ಹೋಗುತ್ತದೆ ಹೇಳಿ ಅನ್ನುತ್ತೇನೆ. ಕಷಾಯ, ಚೂರ್ಣ, ಬೀಪೀದು, ಶುಗರಿಂದು, ಸೊಂಟ ನೋವಿಗೆ ಮೆಡಿಕಲ್ ಶಾಪಿನವರು ಕೊಟ್ಟದ್ದು, ಎಲ್ಲ ಆಗ ಹೊರಬರುತ್ತವೆ.

ಹಚ್ಚಿದ್ದನ್ನು ಕೇಳುವುದು ಇನ್ನೂ ಕಷ್ಟ. "ಏನೂ ಹಚ್ಚಿಲ್ಲ" ಅನ್ನುವವರ ಜೇಬಿನಲ್ಲೇ ಟ್ಯೂಬ್ ಇರುತ್ತದೆ. ಇವತ್ತು ನನ್ನ ಬಳಿ "ವಿಚಿತ್ರ ಚರ್ಮರೋಗ" ಅಂತ ಕಳಿಸಿಕೊಡುವವರಲ್ಲಿ ಬಹಳಷ್ಟು ಮಂದಿಯದು ಮಾಮೂಲಿ ಹುಳಕಡ್ಡಿಯೇ. ತಿಂಗಳುಗಟ್ಟಲೆ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿ ಹಚ್ಚಿ ಅದರ ಮುಖವೇ ಕೆಟ್ಟಿರುತ್ತದೆ. ದುಂಡು ಅಂಚು ಮಾಯ, ಉಂಗುರದೊಳಗೊಂದು ಉಂಗುರ, ತೊಡೆಸಂದಿಯಲ್ಲಿ ಬಸುರಿ ಹೊಟ್ಟೆಯ ಮೇಲಿನಂಥ ಗೆರೆ. 2018ರಲ್ಲಿ ಕೇಂದ್ರ ಸರ್ಕಾರ ಈ ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಪಟ್ಟಿ ಪಟ್ಟಿಯ ಪಾಡಿಗಿದೆ, ಟ್ಯೂಬ್ ಕೌಂಟರಿನ ಮೇಲಿದೆ. ನಾನು ಮಾಡುವುದು ಇಷ್ಟೇ, ಮೊದಲು ಅಂಚು ಕೆರೆದು ನೋಡುತ್ತೇನೆ. ಏನೂ ಸಿಗದಿದ್ದರೆ ಟ್ಯೂಬ್ ನಿಲ್ಲಿಸಿ ಎರಡು ವಾರ ಬಿಟ್ಟು ಬರಲು ಹೇಳುತ್ತೇನೆ. ಆ ಎರಡು ವಾರ ನವೆ ವಿಪರೀತ ಆಗುತ್ತದೆ, ಬೈಗುಳವೂ ತಿನ್ನುತ್ತೇನೆ. ಆದರೆ ರೋಗ ವೇಷ ಕಳಚಿ ಎದುರು ನಿಲ್ಲುತ್ತದೆ.

ಚನ್ನಗಿರಿ ಕಡೆಯ ಟ್ರ್ಯಾಕ್ಟರ್ ಮಾಲೀಕರೊಬ್ಬರು ಬಂದದ್ದು "ಬಿಸಿಲು ಅಲರ್ಜಿ" ಅಂತ. ಮುಖ, ಕತ್ತು, ಮೊಣಕೈ ಮಡಿಕೆ ಕಪ್ಪಾಗಿ, ದಪ್ಪವಾಗಿ, ಗೀರು ಗೀರು ಬಿದ್ದಿತ್ತು. ಬಿಸಿಲು ಅಂತ ಒಪ್ಪುವ ಮೊದಲು ನಾನು ಬಿಸಿಲು ಬೀಳದ ಜಾಗ ನೋಡುತ್ತೇನೆ: ಗಲ್ಲದ ಕೆಳಗೆ, ಕಿವಿಯ ಹಿಂದೆ, ಕಣ್ಣಿನ ಮೇಲಿನ ರೆಪ್ಪೆಯ ಮಡಿಕೆ. ಬಿಸಿಲಿನದೇ ಆದರೆ ಇವು ಸಾಮಾನ್ಯವಾಗಿ ಉಳಿದುಕೊಳ್ಳುತ್ತವೆ. ಇವರಿಗೆ ಅಲ್ಲೇ ಜಾಸ್ತಿ ಇತ್ತು. ಅಂದರೆ ಗಾಳಿಯಲ್ಲಿ ಬಂದು ಮಡಿಕೆಗಳಲ್ಲಿ ಕೂರುವಂಥದ್ದು ಏನೋ. ನಮ್ಮ ಬಯಲುಸೀಮೆಯಲ್ಲಿ ಅದಕ್ಕೆ ಮೊದಲ ಹೆಸರು ಪಾರ್ಥೇನಿಯಂ, ಕಾಂಗ್ರೆಸ್ ಹುಲ್ಲು. ಪುಣೆಯಲ್ಲಿ 1950ರ ದಶಕದ ನಡುವೆ ಕಣ್ಣಿಗೆ ಬಿದ್ದ ಗಿಡ ಇವತ್ತು ಯಾವ ರಸ್ತೆ ಬದಿಯನ್ನೂ ಬಿಟ್ಟಿಲ್ಲ. ಅದನ್ನು ತಿನ್ನಿಸಲು ಮೆಕ್ಸಿಕೋದಿಂದ ತಂದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲೇ ಬಿಟ್ಟರು. ದುಂಬಿಯೂ ಉಳಿಯಿತು, ಗಿಡವೂ ಉಳಿಯಿತು.

ಯಾವುದಕ್ಕೆ ಅಲರ್ಜಿ ಅಂತ ತಿಳಿಯಲು ಬೆನ್ನಿಗೆ ಪ್ಯಾಚ್ ಪರೀಕ್ಷೆ ಅಂಟಿಸಿದೆ. ಎರಡು ದಿನಕ್ಕೆ ಬಿಚ್ಚಿದಾಗ ಪಾರ್ಥೇನಿಯಂ ಇಟ್ಟ ಜಾಗ ನೀರುಗುಳ್ಳೆ ಎದ್ದು ಕೆಂಪಾಗಿತ್ತು. ರಕ್ತದ ಎಣಿಕೆ, ಲಿವರ್ ನೋಡಿಕೊಂಡು, ದೇಹದ ಪ್ರತಿರೋಧವನ್ನು ತಗ್ಗಿಸುವ ಅಜಥಯೋಪ್ರಿನ್ ಕೊಟ್ಟೆ. ಈ ಮಾತ್ರೆ ಶುರು ಮಾಡಿದ ಮೊದಲ ವಾರಗಳಲ್ಲಿ ಬಿಳಿರಕ್ತಕಣ ಪಾತಾಳಕ್ಕಿಳಿಯುವುದುಂಟು, ರಕ್ತ ಪರೀಕ್ಷೆ ತಪ್ಪಿಸುವವರಿಗೆ ನಾನು ಬರೆಯುವುದೇ ಇಲ್ಲ. ಕಳೆ ಕೀಳಬೇಡಿ, ಸುಡಬೇಡಿ, ಬಟ್ಟೆ ಬೇಲಿಯ ಮೇಲೆ ಒಣಗಿಸಬೇಡಿ ಅಂತ ಹೇಳಿದೆ. ಮೂರು ತಿಂಗಳಲ್ಲಿ ಮುಖ ತಿಳಿಯಾಯಿತು. ಆಮೇಲೆ ದಸರಾ ಕಳೆದು ಮೂರನೇ ದಿನ ಕಣ್ಣೇ ಬಿಡಲಾಗದಷ್ಟು ಊದಿಸಿಕೊಂಡು ಬಂದರು. ಹೊಲಕ್ಕೆ ಕಾಲಿಟ್ಟಿಲ್ಲ ಅಂತ ಆಣೆ ಮಾಡಿದರು. ಸರಿ, ಹಬ್ಬಕ್ಕೆ ಏನು ಮಾಡಿದಿರಿ? ಆಯುಧಪೂಜೆ. ಟ್ರ್ಯಾಕ್ಟರಿಗೆ ಹಾರ. ಯಾವ ಹೂವಿನದು? ಸೇವಂತಿಗೆ, ಹನ್ನೆರಡು ಮಾರು, ರಾತ್ರಿಯೆಲ್ಲ ಕೂತು ತಾವೇ ಕಟ್ಟಿದ್ದು.

ಸೇವಂತಿಗೆಯೂ ಪಾರ್ಥೇನಿಯಂನ ಕುಟುಂಬದ್ದೇ, ಸೂರ್ಯಕಾಂತಿಯೂ ಅಷ್ಟೇ. ಒಂದಕ್ಕೆ ಸಿಟ್ಟಾದ ಚರ್ಮ ಇನ್ನೊಂದನ್ನೂ ಶತ್ರು ಅಂದುಕೊಳ್ಳುವುದುಂಟು. ನಾನು ಹೊಲದ ಬಗ್ಗೆ ಅರ್ಧ ಗಂಟೆ ಉಪದೇಶ ಮಾಡಿದ್ದೆ, ಪೂಜೆಯ ಬಗ್ಗೆ ಒಂದು ಮಾತು ಹೇಳಿರಲಿಲ್ಲ. ಈಗ ಅವರ ಟ್ರ್ಯಾಕ್ಟರಿಗೆ ಮಲ್ಲಿಗೆ ಹಾರವಂತೆ. ಖರ್ಚು ಜಾಸ್ತಿ ಅಂತ ಪ್ರತಿ ವರ್ಷ ನನಗೆ ನೆನಪಿಸುತ್ತಾರೆ.

ಇವೆರಡೂ ಕೊನೆಗೆ ಸರಿಹೋದವು, ಅದಕ್ಕೇ ನಗುತ್ತಾ ಬರೆಯಬಹುದು. ಟೈಲರ್ ಹುಡುಗನದು ಹಾಗಲ್ಲ.

ಎರಡು ಸಲ ಬಂದಿದ್ದ, ಎರಡೂ ಸಂಜೆ ಹೊತ್ತಿನಲ್ಲಿ, ಹೊರಗೆ ಬೆಂಚು ತುಂಬಿದ್ದಾಗ. ಮುಂಗೈ ಮೇಲೆ ಮಾಸಲು ಕೆಂಪು ಮಚ್ಚೆ. ನವೆ ಇದೆಯಾ ಅಂದೆ, "ಅಷ್ಟೇನಿಲ್ಲ ಸಾರ್" ಅಂದ. ಆ ಒಂದು ಮಾತಿಗೇ ನಾನು ಪೆನ್ನು ಕೆಳಗಿಡಬೇಕಿತ್ತು. ಹುಳಕಡ್ಡಿ ಮುಲಾಮು ಬರೆದು ಕಳಿಸಿದೆ. ಐದು ತಿಂಗಳ ನಂತರ ಮೂರನೇ ಸಲ ಬಂದಾಗ ಕಿರುಬೆರಳ ಬದಿಯಲ್ಲಿ ಸುಟ್ಟ ಗಾಯ ಇತ್ತು. ಇಸ್ತ್ರಿ ಪೆಟ್ಟಿಗೆ ತಾಗಿದ್ದಂತೆ. "ಯಾವಾಗ ತಾಗ್ತು ಅಂತ ಗೊತ್ತೇ ಆಗ್ಲಿಲ್ಲ ಸಾರ್, ವಾಸನೆ ಬಂದ ಮೇಲೆ ನೋಡ್ಕೊಂಡೆ."

ಅಂಗಿ ಬಿಚ್ಚಿಸಿದೆ. ಬೆನ್ನ ಮೇಲೆ ಇನ್ನೂ ಏಳೆಂಟು ಮಚ್ಚೆ. ಕಿವಿಯ ಹಾಲೆ ದಪ್ಪ. ಮೊಣಕೈ ಹಿಂದೆ ಬೆರಳಿಟ್ಟು ಹುಡುಕಿದರೆ ನರ ಹುರಿಯ ಹಾಗೆ ಸಿಕ್ಕಿತು. ಕಣ್ಣು ಮುಚ್ಚಿಸಿ ಹತ್ತಿ ತಾಗಿಸಿದರೆ ಮಚ್ಚೆಯ ಮೇಲೆ ಅವನಿಗೆ ಏನೂ ತಿಳಿಯಲಿಲ್ಲ. ಕಿವಿಯಿಂದ ತೆಗೆದ ಸ್ಮಿಯರಿನಲ್ಲಿ ಕುಷ್ಠದ ಬ್ಯಾಸಿಲಸ್ ಕೆಂಪಗೆ ಕಂಡವು. ರಾಷ್ಟ್ರಮಟ್ಟದಲ್ಲಿ ಹತ್ತು ಸಾವಿರ ಜನಕ್ಕೆ ಒಬ್ಬ ರೋಗಿಗಿಂತ ಕಡಿಮೆಯಾಯಿತು ಅಂತ 2005ರ ಕೊನೆಯಲ್ಲಿ ಘೋಷಣೆ ಆದ ಮೇಲೆ ಕುಷ್ಠ ನಮ್ಮ ಮಾತಿನಿಂದಲೇ ಹೊರಟುಹೋಯಿತು. ನಾನು ಅದನ್ನು ವಿದ್ಯಾರ್ಥಿಗಳಿಗೆ ಪಾಠ ಮಾಡಿದವನು, ಆದರೂ ಎರಡು ಸಲ ತೋಳು ಮಡಚಿದಷ್ಟೇ ನೋಡಿ ಕಳಿಸಿದ್ದೆ.

ಕುಷ್ಠಕ್ಕೆ ಕೊಡುವ ಹಲವು ಔಷಧಿಗಳ ಕೂಟ, ಹನ್ನೆರಡು ತಿಂಗಳ ಎಂಡಿಟಿ, ಸರ್ಕಾರದಿಂದ ಉಚಿತವಾಗಿ ಸಿಕ್ಕಿತು, ಮಚ್ಚೆಗಳು ಮಾಸಿದವು. ನರದ ಊತಕ್ಕೆ ಸ್ಟೀರಾಯ್ಡ್ ಮಾತ್ರೆಯನ್ನೂ ಕೊಟ್ಟೆ, ಹೌದು, ಮೇಲೆ ಬೈದ ಅದೇ ಸ್ಟೀರಾಯ್ಡ್, ಲೆಕ್ಕ ಹಾಕಿ. ಆದರೂ ಕಿರುಬೆರಳು ಪೂರ್ತಿ ನೆಟ್ಟಗಾಗಲಿಲ್ಲ. ಆ ಐದು ತಿಂಗಳು ಮೊದಲೇ ಶುರು ಮಾಡಿದ್ದರೆ ಆಗುತ್ತಿತ್ತೇ ಅಂತ ಅವನು ಒಮ್ಮೆಯೂ ಕೇಳಿಲ್ಲ. ಈಗ ಇಸ್ತ್ರಿ ಕೆಲಸ ತಮ್ಮನಿಗೆ ಬಿಟ್ಟು, ಗುಂಡಿ ಕಾಜಾ ಇವನು ನೋಡಿಕೊಳ್ಳುತ್ತಾನೆ. ಸೂಜಿ ಹಿಡಿಯುವುದು ಬಲಗೈ, ಮಡಚಿದ್ದು ಎಡಗೈ.

ಅಡಿಕೆ ತೋಟದವರ ಕಾಲಿನದು ಹೇಳುವುದು ಉಳಿಯಿತು. ಗ್ಯಾಸ್ ಮಾತ್ರೆ ನಿಲ್ಲಿಸಿ, ಕ್ಯಾಪ್ಸೂಲನ್ನು ಹೊಟ್ಟೆತುಂಬ ಊಟದ ಮೇಲೆ ನುಂಗಲು ಶುರು ಮಾಡಿದ ಆರು ವಾರಕ್ಕೆ ಗಂಟುಗಳು ತಗ್ಗಿದವು. ಒಟ್ಟು ಹದಿನಾಲ್ಕು ತಿಂಗಳು ಹಿಡಿಯಿತು. ಈಗ ಅಲ್ಲಿ ತೆಳ್ಳಗಿನ, ಹೊಳೆಯುವ ಕಲೆ ಇದೆ, ಪಾದದ ಊತ ಸಂಜೆ ಹೊತ್ತು ಮಾತ್ರ. ಇದು ಮರುಕಳಿಸುವ ಕಾಯಿಲೆ, ಹಾಗಾಗಿ ಆರು ತಿಂಗಳಿಗೊಮ್ಮೆ ಬರುತ್ತಾರೆ. ಕಳೆದ ಸಲ ಕಲೆಯ ಅಂಚಿನಲ್ಲಿ ಒಂದು ಕರಿಚುಕ್ಕೆ ಕಂಡು ನನ್ನ ಎದೆ ಧಸಕ್ಕೆಂದಿತು. ಕೆರೆದು ಸ್ಲೈಡಿಗೆ ಹಾಕಿ ಇಬ್ಬರೂ ಇಪ್ಪತ್ತು ನಿಮಿಷ ಕಾದೆವು. ಬೆಟ್ಟೆ ಇರಲಿಲ್ಲ, ಒಣಗಿದ ರಕ್ತ ಅಷ್ಟೆ. ಉಂಬಳ ಕಚ್ಚಿದ್ದಂತೆ. ಬೂಟು ಹಾಕಲ್ವಾ ಅಂದೆ. ಮಳೆಗಾಲದಲ್ಲಿ ಬೂಟು ಹಾಕಿ ಸಂಕ ದಾಟಿ ತೋರಿಸಿ ಡಾಕ್ಟ್ರೇ, ಆಮೇಲೆ ಮಾತಾಡುವ ಅಂದರು.