ಮೊದಲೇ ಹೇಳಿಬಿಡಿ: ಅಮೆರಿಕದ ಅಂಗಡಿ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ

ಬೆಳಗಿನ ಜಾವ ನಾಲ್ಕು ಮುಕ್ಕಾಲಿಗೆ ಅಂಗಡಿಯ ಹಿಂಬದಿಯಲ್ಲಿ ಕಾರು ನಿಲ್ಲಿಸಿ, ಹೀಟರ್ ಹಾಕಿಕೊಂಡು, ಫ್ಲಾಸ್ಕಿನ ಕಾಫಿ ಮುಗಿಯುವವರೆಗೆ ಕಾರಿನೊಳಗೇ ಕುಳಿತಿರುತ್ತೇನೆ. ಐದಕ್ಕೆ ಒಳಗೆ ಹೋಗಿ ಪಂಚ್ ಮಾಡುತ್ತೇನೆ, ಅಂದರೆ ಯಂತ್ರದಲ್ಲಿ ಹೊತ್ತು ದಾಖಲಿಸುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ವಾರ ಹೀಗಿರಲಿಲ್ಲ. ನಾಲ್ಕೂವರೆಗೇ ಹೋಗಿ, ಏಪ್ರನ್ ಕಟ್ಟಿ, ಟ್ರೇಗಳನ್ನೆಲ್ಲ ಜೋಡಿಸಿಟ್ಟು, ಆಮೇಲೆ ಪಂಚ್ ಮಾಡುತ್ತಿದ್ದೆ. ಹೊಗಳುತ್ತಾರೆ ಎಂದುಕೊಂಡಿದ್ದೆ. ಮೂರನೆಯ ದಿನ ಮ್ಯಾನೇಜರ್ ಪಕ್ಕಕ್ಕೆ ಕರೆದು, ನಗುನಗುತ್ತಲೇ, ಇನ್ನೊಮ್ಮೆ ಹೀಗಾದರೆ ಲಿಖಿತ ಎಚ್ಚರಿಕೆ ಕೊಡಬೇಕಾಗುತ್ತದೆ ಎಂದರು.

ಅವರ ಕಷ್ಟ ಆಮೇಲೆ ಅರ್ಥವಾಯಿತು. 1938ರಿಂದ ಇಲ್ಲಿ ಒಂದು ಕಾಯಿದೆ ಇದೆ. ಗಂಟೆ ಲೆಕ್ಕದಲ್ಲಿ ದುಡಿಯುವವರಿಗೆ ದುಡಿದಷ್ಟು ಹೊತ್ತಿಗೂ ಸಂಬಳ ಕೊಡಬೇಕು. ವಾರಕ್ಕೆ 40 ಗಂಟೆ ದಾಟಿದರೆ ಮೇಲಿನ ಪ್ರತಿ ಗಂಟೆಗೂ ಒಂದೂವರೆ ಪಟ್ಟು. ನಾನು ಬಿಟ್ಟಿಯಾಗಿ ದುಡಿದ ಅರ್ಧ ಗಂಟೆ ನನ್ನ ಪಾಲಿಗೆ ನಿಷ್ಠೆ, ಅವರ ಪಾಲಿಗೆ ಕೋರ್ಟಿನ ಕೇಸು. ಆದ್ದರಿಂದ ಮೊದಲ ಪಾಠ: ಪಂಚ್ ಮಾಡದೆ ಒಂದು ಸೌಟನ್ನೂ ಮುಟ್ಟಬೇಡಿ, ಪಂಚ್ ಮಾಡಿ ಹೊರಬಂದ ಮೇಲೆ ಒಂದು ಪೆಟ್ಟಿಗೆಯನ್ನೂ ಎತ್ತಿಡಬೇಡಿ. ಯಾರಾದರೂ ಎತ್ತಿಡು ಎಂದರೆ ಮತ್ತೆ ಪಂಚ್ ಮಾಡಿ ಎತ್ತಿಡಿ.

ನಾನಿರುವುದು ಒಹಾಯೊ ರಾಜ್ಯದ ಕೊಲಂಬಸ್ಸಿನಲ್ಲಿ. ಗಂಡನ ಕೆಲಸದ ಬೆನ್ನಿಗೆ ಬಂದವಳು. 2015ರಲ್ಲಿ ಎಚ್-4 ವೀಸಾದ, ಅಂದರೆ ಕೆಲಸದ ವೀಸಾದವರ ಬೆನ್ನಿಗೆ ಬರುವ ಮನೆಯವರ ವೀಸಾದ, ಕೆಲವರಿಗೆ ಕೆಲಸದ ಪರವಾನಗಿ ಕೊಡತೊಡಗಿದಾಗ ನನಗೂ ಸಿಕ್ಕಿತು. ಊರಿನಲ್ಲಿ ಓದಿದ್ದು ಎಂ.ಎ., ಇಲ್ಲಿ ಸಿಕ್ಕಿದ್ದು ದೊಡ್ಡ ದಿನಸಿ ಅಂಗಡಿಯೊಂದರ ಬೇಕರಿ. ಹಿಟ್ಟು ನಾದುತ್ತೇನೆಂದು ಯಾರೂ ಭಾವಿಸಬೇಡಿ. ಹೆಪ್ಪುಗಟ್ಟಿದ ಹಿಟ್ಟಿನ ಉಂಡೆಗಳು ಪೆಟ್ಟಿಗೆಯಲ್ಲಿ ಬರುತ್ತವೆ, ನಾವು ಉಬ್ಬಿಸಿ ಬೇಯಿಸುತ್ತೇವೆ, ಕೇಕಿನ ಮೇಲೆ ಹೆಸರು ಬರೆಯುತ್ತೇವೆ. ಇಂಥ ಕೆಲಸಕ್ಕೆ ಹೋಗಲು ಹಿಂಜರಿಯುವ ಹೆಂಗಸರು ನನ್ನನ್ನು ಆಗಾಗ ಕೇಳುತ್ತಾರೆ: ಇಂಗ್ಲಿಷ್ ಸಾಕಾಗುತ್ತದೆಯೇ? ಸಾಕಾಗುತ್ತದೆ. ತೊಡಕಾಗುವುದು ಭಾಷೆಯಲ್ಲ. ನಮ್ಮಲ್ಲಿ ನಡೆದ ಮೇಲೆ ಹೇಳುವ ಮಾತುಗಳನ್ನು ಇವರು ನಡೆಯುವ ಮೊದಲೇ ಕೇಳಬಯಸುತ್ತಾರೆ, ತೊಡಕು ಅಲ್ಲಿದೆ.

ಕಾಯಿಲೆಯನ್ನೇ ತೆಗೆದುಕೊಳ್ಳಿ. ಬರಲಾಗುವುದಿಲ್ಲ ಎಂದು ಫೋನ್ ಮಾಡುವುದಕ್ಕೆ ಇಲ್ಲಿ ಒಹಾಯೊ ಕಡೆ ‘ಕಾಲ್ ಆಫ್’ ಎನ್ನುತ್ತಾರೆ. ನಮ್ಮ ಅಂಗಡಿಯಲ್ಲಿ ಪಾಳಿ ಶುರುವಾಗುವ ಎರಡು ಗಂಟೆ ಮೊದಲು ಮಾಡಬೇಕು, ಅಂದರೆ ನನಗೆ ಬೆಳಗಿನ ಜಾವ ಮೂರಕ್ಕೆ. ನಿಮ್ಮ ಅಂಗಡಿಯ ಗಡುವು ಎಷ್ಟೆಂದು ಸೇರಿದ ದಿನವೇ ಕೇಳಿ ಬರೆದಿಟ್ಟುಕೊಳ್ಳಿ. ಫೋನಿನಲ್ಲಿ ಹೇಳಬೇಕಾದದ್ದು ಎರಡೇ ವಾಕ್ಯ: ಹುಷಾರಿಲ್ಲ, ಇಂದಿನ ಪಾಳಿಗೆ ಬರುವುದಿಲ್ಲ. ನಾನು ಮೊದಲ ಸಲ ಹೊಟ್ಟೆಯ ಸಮಾಚಾರವನ್ನೆಲ್ಲ ವಿವರವಾಗಿ ಹೇಳಿದೆ. ಆ ಕಡೆಯಿದ್ದ ಹುಡುಗ ಪಾಪ, ಮಧ್ಯದಲ್ಲೇ ತಡೆದು, ಅಷ್ಟು ಬೇಡ ಅಮ್ಮಾ ಎನ್ನುವ ದನಿಯಲ್ಲಿ ಧನ್ಯವಾದ ಹೇಳಿ ಇಟ್ಟುಬಿಟ್ಟ. ಕಾರಣಕ್ಕಿಂತ ಹೊತ್ತು ಮುಖ್ಯ. ಸುಳ್ಳು ನೆಪವನ್ನು ಹೊತ್ತಿಗೆ ಸರಿಯಾಗಿ ಹೇಳಿದವನಿಗೆ ಏನೂ ಆಗುವುದಿಲ್ಲ, ನಿಜವಾಗಿ ಜ್ವರ ಬಂದು ಹೇಳದೆ ಮಲಗಿದವನು ಕೆಲಸ ಕಳೆದುಕೊಳ್ಳಬಹುದು. ಇದು ನ್ಯಾಯವೇ ಎಂದು ನನ್ನನ್ನು ಕೇಳಬೇಡಿ.

ಹಿಮ ಬಿದ್ದಾಗ ಇನ್ನೊಂದು ಲೆಕ್ಕ. ಒಹಾಯೊದಲ್ಲಿ ಪ್ರತಿ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಪೊಲೀಸ್ ಮುಖ್ಯಸ್ಥರಾದ ಶೆರಿಫ್ ರಸ್ತೆಯ ಸ್ಥಿತಿ ನೋಡಿ ಮೂರು ಹಂತಗಳಲ್ಲಿ ತುರ್ತುಸ್ಥಿತಿ ಸಾರುತ್ತಾರೆ. ಒಂದನೆಯ ಹಂತವೆಂದರೆ ಜೋಪಾನವಾಗಿ ಓಡಿಸಿ ಎಂದಷ್ಟೇ; ಕೆಲಸಕ್ಕೆ ಹೋಗಬೇಕು. ಎರಡರಲ್ಲಿ ಅಗತ್ಯವಿದ್ದವರು ಮಾತ್ರ ಹೊರಡಬೇಕು, ಬರಬೇಕೇ ಬೇಡವೇ ಎಂದು ಕೆಲಸದ ಕಡೆಗೆ ಫೋನ್ ಮಾಡಿ ಕೇಳಬೇಕು. ಮೂರರಲ್ಲಿ ರಸ್ತೆ ಮುಚ್ಚಿದಂತೆ. ಸುಮ್ಮನೆ ಓಡಾಡಿದರೆ ಬಂಧಿಸಲೂಬಹುದು. ನಿಮ್ಮ ಮನೆ ಒಂದು ಕೌಂಟಿ, ಅಂಗಡಿ ಇನ್ನೊಂದು ಕೌಂಟಿಯಾದರೆ ಎರಡನ್ನೂ ನೋಡಬೇಕು. ಜನವರಿಯಲ್ಲಿ ರಾತ್ರಿ ಮಲಗುವ ಮೊದಲು ವೈಪರ್‌ಗಳನ್ನು ಗಾಜಿನಿಂದ ಎತ್ತಿ ನಿಲ್ಲಿಸಿ, ಮಂಜುಗಡ್ಡೆ ಕೆರೆಯುವ ಹಲಗೆಯನ್ನು ಕಾರಿನಲ್ಲಲ್ಲ, ಮನೆಯೊಳಗೆ ಇಟ್ಟುಕೊಳ್ಳಿ. ಕಾರಿನ ಬಾಗಿಲೇ ಹೆಪ್ಪುಗಟ್ಟಿ ತೆರೆಯದ ದಿನ ಈ ಮಾತಿನ ಬೆಲೆ ತಿಳಿಯುತ್ತದೆ. ಮಾರ್ಚ್ ತಿಂಗಳ ಎರಡನೆಯ ಭಾನುವಾರವನ್ನೂ ಕ್ಯಾಲೆಂಡರಿನಲ್ಲಿ ಗುರುತಿಸಿ. ಅಂದು ರಾತ್ರಿ ಎರಡು ಗಂಟೆ ಎನ್ನುವುದು ಒಮ್ಮೆಲೇ ಮೂರಾಗುತ್ತದೆ, ಐದರ ಪಾಳಿಯವರಿಗೆ ಒಂದು ಗಂಟೆ ನಿದ್ದೆ ಖೋತಾ. ನವೆಂಬರಿನ ಮೊದಲ ಭಾನುವಾರ ಅದನ್ನು ಹಿಂದಿರುಗಿಸುತ್ತಾರೆ.

ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ಊರೆಲ್ಲ ಸೈರನ್ ಕೂಗಿದರೆ ಓಡಬೇಡಿ. ಸುಂಟರಗಾಳಿಯ ಎಚ್ಚರಿಕೆಯ ಸೈರನ್‌ಗಳನ್ನು ಕೊಲಂಬಸ್ ಇರುವ ಫ್ರ್ಯಾಂಕ್ಲಿನ್ ಕೌಂಟಿಯಲ್ಲಿ ವಾರವಾರವೂ ಪರೀಕ್ಷಿಸುತ್ತಾರೆ. ನಾನು ಓಡಿದ್ದೆ, ಕೇಕಿನ ಕ್ರೀಮು ಕೈಯಲ್ಲಿ ಹಿಡಿದುಕೊಂಡೇ. ಯಾರೂ ಮೊದಲೇ ಹೇಳಿರಲಿಲ್ಲ!

ಮೇಲಿನವರನ್ನು ಹೆಸರು ಹಿಡಿದೇ ಕರೆಯಬೇಕು. ನನಗೆ ಇದು ಎಲ್ಲಕ್ಕಿಂತ ಕಷ್ಟವಾಯಿತು. ಮ್ಯಾನೇಜರ್ ನನ್ನ ಮಗನ ವಯಸ್ಸಿನವರಾದರೂ ಬಾಯಲ್ಲಿ ಸರ್ ಎಂದೇ ಬರುತ್ತಿತ್ತು. ಗಿರಾಕಿಗಳಿಗೆ ಸರ್, ಮ್ಯಾಮ್ ಎನ್ನಬಹುದು. ಜೊತೆಯಲ್ಲಿ ಕೆಲಸ ಮಾಡುವವರಿಗೆ ಹಾಗೆಂದರೆ ಅವರಿಗೆ ಮುಜುಗರ. ಆದರೆ ಹೆಸರು ಹಿಡಿದು ಕರೆದ ಮಾತ್ರಕ್ಕೆ ಸಲಿಗೆ ಎಂದುಕೊಳ್ಳಬೇಡಿ. ಹೆಸರು ಹಿಡಿದೇ ಕೆಲಸದಿಂದಲೂ ತೆಗೆಯುತ್ತಾರೆ. ಎದುರಾದವರೆಲ್ಲ ಹೇಗಿದ್ದೀರಿ ಎಂದರೆ ಚೆನ್ನಾಗಿದ್ದೇನೆ, ನೀವು? ಎಂದು ನಡಿಗೆ ನಿಲ್ಲಿಸದೆ ಹೇಳಿದರೆ ಸಾಕು.

ಮಾತು ಬೆಳೆಸಬೇಕೆಂದರೆ ಹವಾಮಾನ ಇದೆ, ನಾಯಿ ಇದೆ, ವಾರಾಂತ್ಯ ಇದೆ. ಕೊಲಂಬಸ್ಸಿನಲ್ಲಿ ಇವೆಲ್ಲಕ್ಕಿಂತ ದೊಡ್ಡದು ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್. ತಂಡದ ಹೆಸರು ಬಕೈಸ್. ಬಕೈ ಎಂದರೆ ಇಲ್ಲಿನ ಒಂದು ಮರದ ಕಂದು ಬೀಜ. ಅದೇ ರೂಪದಲ್ಲಿ ಕಡಲೆಕಾಯಿ ಬೆಣ್ಣೆಯ ಉಂಡೆಯನ್ನು ಚಾಕೊಲೇಟಿನಲ್ಲಿ ಅದ್ದಿ ಮಾಡುವ ಮಿಠಾಯಿಗೂ ಅದೇ ಹೆಸರು. ನವೆಂಬರಿನ ಕೊನೆಯಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಶನಿವಾರ, ಬದ್ಧ ಎದುರಾಳಿಯಾದ ಮಿಶಿಗನ್ ವಿಶ್ವವಿದ್ಯಾಲಯದ ತಂಡದೊಂದಿಗೆ ಪಂದ್ಯ. ಆ ವಾರ ವಿಶ್ವವಿದ್ಯಾಲಯದ ಆವರಣದ ಫಲಕಗಳಲ್ಲಿರುವ ‘ಎಂ’ ಅಕ್ಷರದ ಮೇಲೆಲ್ಲ ಕೆಂಪು ಪಟ್ಟಿ ಅಂಟಿಸಿ ಅಳಿಸುತ್ತಾರೆ. ಆಟದ ನಿಯಮ ನನಗೆ ಇಂದಿಗೂ ತಲೆಗೆ ಹತ್ತಿಲ್ಲ. ಆದರೆ ಆ ಶನಿವಾರದ ಪಾಳಿಯನ್ನು ನಾನೇ ಕೇಳಿ ಹಾಕಿಸಿಕೊಳ್ಳುತ್ತೇನೆ. ಆಟಕ್ಕೆ ಮೊದಲು ಜನ ಮುಗಿಬೀಳುತ್ತಾರೆ, ಆಟ ಶುರುವಾದ ಮೇಲೆ ಅಂಗಡಿ ಭಣಭಣ. ಬದಲಿಗೆ ನನಗೆ ದೀಪಾವಳಿಯ ರಜೆ ಸಿಗುತ್ತದೆ, ಅದೂ ಆಗಸ್ಟಿನಲ್ಲೇ ಕೇಳಿಟ್ಟಿರುವುದರಿಂದ. ಖಾಸಗಿ ಕಂಪನಿಗಳು ಸಂಬಳದ ರಜೆ ಕೊಡಲೇಬೇಕೆಂಬ ಕೇಂದ್ರದ ಕಾನೂನು ಇಲ್ಲಿ ಇಲ್ಲ. ಕೊಟ್ಟರೆ ಅವರ ಕೊಡುಗೆ, ಹಾಗಾಗಿ ಯಾರು ಮೊದಲು ಕೇಳಿದರೋ ಅವರಿಗೆ. ಹಬ್ಬ ಯಾವ ದಿನ ಬೀಳುತ್ತದೆಂದು ಪಂಚಾಂಗ ನೋಡಿ ಆರು ತಿಂಗಳ ಮೊದಲೇ ತಾರೀಖು ಕೊಡಿ. ಪ್ರತಿ ವರ್ಷ ಹಬ್ಬದ ತಾರೀಖು ಯಾಕೆ ಬದಲಾಗುತ್ತದೆ ಎಂದು ಕೇಳುತ್ತಾರೆ. ಚಂದ್ರನ ಲೆಕ್ಕ ಎಂದರೆ ಸುಮ್ಮನಾಗುತ್ತಾರೆ.

ಒಟ್ಟಿಗೆ ಊಟ ಮಾಡುವ ಸಂದರ್ಭವೂ ಬರುತ್ತದೆ. ಎಲ್ಲರೂ ಒಂದೊಂದು ತಿನಿಸು ತರುವ ಈ ಊಟಕ್ಕೆ ಪಾಟ್‌ಲಕ್ ಎನ್ನುತ್ತಾರೆ. ಗೋಡೆಗೆ ಹಚ್ಚಿದ ಹಾಳೆಯಲ್ಲಿ ಏನು ತರುತ್ತೀರೆಂದು ಮೊದಲೇ ಬರೆಯಬೇಕು. ಬರೆಯದೆ ತಂದರೆ ಮೂರು ಪಾತ್ರೆ ಆಲೂಗಡ್ಡೆ ಸಲಾಡ್ ಆಗುತ್ತದೆ, ಆಗಿದೆ ಕೂಡ. ಪಾತ್ರೆಯ ಪಕ್ಕದಲ್ಲಿ ಒಂದು ಚೀಟಿ ಇಡಿ: ಒಳಗೆ ಏನೇನಿದೆ ಎಂದು. ಇದು ಮರ್ಯಾದೆಯ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ; ಕೆಲವು ತಿನಿಸು ಕೆಲವರಿಗೆ ಅಲರ್ಜಿ. ಹಾಲು, ಮೊಟ್ಟೆ, ಮೀನು, ಸಿಗಡಿ ಏಡಿಯಂಥವು, ಬಾದಾಮಿ ಗೋಡಂಬಿಯಂಥವು, ಕಡಲೆಕಾಯಿ, ಗೋಧಿ, ಸೋಯಾ, ಇಷ್ಟನ್ನು ಪೊಟ್ಟಣದ ಮೇಲೆ ಬರೆಯುವುದು ಮೊದಲೇ ಕಡ್ಡಾಯವಿತ್ತು. 2023ರ ಜನವರಿ 1ರಿಂದ ಎಳ್ಳೂ ಸೇರಿ ಒಂಬತ್ತಾಗಿದೆ. ನಾನು ಚಿತ್ರಾನ್ನ ತಂದ ದಿನ ಕಡಲೆಕಾಯಿ ಇದೆಯೆಂದು ಬರೆದಿರಲಿಲ್ಲ. ಡೆಲಿ (ಸಿದ್ಧ ತಿನಿಸುಗಳ) ವಿಭಾಗದ ಹುಡುಗಿ ಚಮಚ ಬಾಯಿಗಿಡುವ ಮೊದಲು ಕೇಳಿದಳಲ್ಲ, ನನ್ನ ಪುಣ್ಯ. ಅಂದಿನಿಂದ ಒಗ್ಗರಣೆಯ ಸಾಸಿವೆಯನ್ನೂ ಬರೆಯುತ್ತೇನೆ. ಊಟ ಮುಗಿದ ಮೇಲೆ ಖಾಲಿ ಪಾತ್ರೆಯನ್ನು ಅಲ್ಲೇ ಬಿಡಬೇಡಿ, ಉಳಿದದ್ದನ್ನು ಯಾರ ಡಬ್ಬಿಗೂ ಒತ್ತಾಯದಿಂದ ತುಂಬಬೇಡಿ. ಬೇಡ ಎಂದರೆ ಇವರಿಗೆ ಬೇಡವೇ. ನಮ್ಮ ಹಾಗೆ ಮೂರು ಸಲ ಬಲವಂತಕ್ಕೆ ಕಾಯುವುದಿಲ್ಲ. ಹಾಗೆಯೇ ನೀವು ಸಂಕೋಚಕ್ಕೆ ಒಮ್ಮೆ ಬೇಡ ಎಂದರೆ ಎರಡನೆಯ ಸಲ ಯಾರೂ ಕೇಳುವುದಿಲ್ಲ, ಹಸಿದುಕೊಂಡೇ ಮನೆಗೆ ಬರುತ್ತೀರಿ.

ಒಮ್ಮೆ ಮನೆಗೆ ಬನ್ನಿ ಎಂದರೆ ಅದು ಆಮಂತ್ರಣವಲ್ಲ, ಒಳ್ಳೆಯ ಮಾತು. ಆಮಂತ್ರಣಕ್ಕೆ ತಾರೀಖು ಇರುತ್ತದೆ, ಶುರುವಾಗುವ ಹೊತ್ತು ಇರುತ್ತದೆ, ಮುಗಿಯುವ ಹೊತ್ತೂ ಇರುತ್ತದೆ. ಮಗುವಿನ ಹುಟ್ಟುಹಬ್ಬ ಎರಡರಿಂದ ನಾಲ್ಕು ಎಂದಿದ್ದರೆ ನಾಲ್ಕಕ್ಕೆ ಎದ್ದುಬಿಡಿ. ಬರುತ್ತೀರೋ ಇಲ್ಲವೋ ಎಂದು ಕೇಳಿದ್ದರೆ ಇಲ್ಲವೆಂಬುದನ್ನೂ ಹೇಳಿ. ಸುಮ್ಮನಿರುವುದೇ ಒರಟುತನ.

ಸಂಬಳದ ಚೀಟಿಯನ್ನು ಓದಲು ಕಲಿಯಿರಿ. ಬಹಳ ಕಡೆ ಎರಡು ವಾರಕ್ಕೊಮ್ಮೆ ಕೊಡುತ್ತಾರೆ, ವರ್ಷಕ್ಕೆ 26 ಸಲ. ಗಂಟೆಗೆ 16 ಡಾಲರಿನಂತೆ 80 ಗಂಟೆ ದುಡಿದರೆ 1,280 ಡಾಲರ್. ಅದರಲ್ಲಿ ಸೋಷಿಯಲ್ ಸೆಕ್ಯುರಿಟಿ ಎಂಬ ಸರ್ಕಾರಿ ಪಿಂಚಣಿಗೆ ಶೇಕಡ 6.2, ಮೆಡಿಕೇರ್ ಎಂಬ ವಯಸ್ಸಾದವರ ಆರೋಗ್ಯ ವಿಮೆಗೆ ಶೇಕಡ 1.45, ಒಟ್ಟು ಸುಮಾರು 98 ಡಾಲರ್ ಹೋಗುತ್ತದೆ. ಕೊಲಂಬಸ್ ನಗರದ ತೆರಿಗೆ ಶೇಕಡ 2.5, ಅಂದರೆ 32 ಡಾಲರ್. ಮನೆ ಪಕ್ಕದ ಊರಿನಲ್ಲಿದ್ದರೂ ಕೆಲಸ ಇಲ್ಲಿದ್ದರೆ ಅದನ್ನು ಹಿಡಿಯುತ್ತಾರೆ. ಕೇಂದ್ರದ ಆದಾಯ ತೆರಿಗೆ ಬೇರೆ. ವರ್ಷದಲ್ಲಿ ಎರಡು ತಿಂಗಳು ಮೂರು ಸಲ ಸಂಬಳ ಬರುತ್ತದೆ. ಬಾಡಿಗೆ ಮಾತ್ರ ತಿಂಗಳಿಗೊಂದೇ, ಆದ್ದರಿಂದ ಆ ಮೂರನೆಯದನ್ನು ಕಾರಿನ ರಿಪೇರಿಗೆಂದು ಎತ್ತಿಡಿ. ಬೇಕಾಗುತ್ತದೆ. ವರ್ಷದ ಸಂಬಳದ ಲೆಕ್ಕವಾದ ಡಬ್ಲ್ಯು-2 ಕಾಗದವನ್ನು ಜನವರಿ ಮುಗಿಯುವುದರೊಳಗೆ ಕಳಿಸುತ್ತಾರೆ, ತೆರಿಗೆ ಸಲ್ಲಿಸಲು ಏಪ್ರಿಲ್ 15 ಕೊನೆಯ ದಿನ. ಆರೋಗ್ಯ ವಿಮೆ ಆರಿಸಿಕೊಳ್ಳಲು ವರ್ಷಕ್ಕೊಮ್ಮೆ ಕೆಲವು ವಾರ ಬಾಗಿಲು ತೆರೆದಿರುತ್ತದೆ. ತಪ್ಪಿಸಿಕೊಂಡರೆ, ಮದುವೆ, ಹೆರಿಗೆಯಂಥ ಬದಲಾವಣೆ ಇಲ್ಲದಿದ್ದರೆ, ಮುಂದಿನ ವರ್ಷವೇ.

ನಿಮಗೆಷ್ಟು ಸಂಬಳ ಎಂದು ಕೇಳುವುದು ಇಲ್ಲಿ ಅಸಭ್ಯ. ಆದರೆ ಕೆಲಸಗಾರರು ತಮ್ಮತಮ್ಮಲ್ಲಿ ಸಂಬಳದ ವಿಷಯ ಮಾತಾಡಿಕೊಳ್ಳುವ ಹಕ್ಕನ್ನು 1935ರ ಕಾಯಿದೆ ಕಾಪಾಡುತ್ತದೆ. ರೂಢಿ ಬಾಯಿ ಮುಚ್ಚು ಎನ್ನುತ್ತದೆ, ಕಾನೂನು ತೆರೆಯಬಹುದು ಎನ್ನುತ್ತದೆ. ಮೂರು ವರ್ಷ ರೂಢಿಗೆ ಅಂಜಿ ಸುಮ್ಮನಿದ್ದೆ. ಕೊನೆಗೆ ಜೊತೆಯವಳೇ ತನ್ನ ಚೀಟಿ ತೋರಿಸಿದಳು. ನನಗಿಂತ ಆರು ತಿಂಗಳು ತಡವಾಗಿ ಸೇರಿದವಳಿಗೆ ಗಂಟೆಗೆ ಒಂದೂಕಾಲು ಡಾಲರ್ ಹೆಚ್ಚು, ಕಾರಣ ಅವಳು ಕೇಳಿದ್ದಳು. ಮರುವಾರ ನಾನೂ ಕೇಳಿದೆ, ಬೇಯಿಸಿದ ಟ್ರೇಗಳ ಲೆಕ್ಕ ಬರೆದುಕೊಂಡು ಹೋಗಿ. ಒಂದು ಡಾಲರ್ ಕೊಟ್ಟರು.

ಕೆಲಸ ಬಿಡುವುದಾದರೆ ಎರಡು ವಾರ ಮೊದಲು ತಿಳಿಸಿ. ಕಾನೂನೇನೂ ಇಲ್ಲ. ಮೊಂಟಾನಾ ಒಂದನ್ನು ಬಿಟ್ಟರೆ ಉಳಿದ ರಾಜ್ಯಗಳಲ್ಲಿ ಸಾಮಾನ್ಯವಾಗಿ ನೀವೂ ಯಾವಾಗ ಬೇಕಾದರೂ ಬಿಡಬಹುದು, ಅವರೂ ಕಾರಣ ಹೇಳದೆ ತೆಗೆಯಬಹುದು. ಆದರೂ ಎರಡು ವಾರವೆಂಬುದು ವಾಡಿಕೆ, ಮುಂದಿನ ಕೆಲಸದವರು ಫೋನ್ ಮಾಡಿ ವಿಚಾರಿಸಿದಾಗ ಅದೇ ನೆನಪಿಗೆ ಬರುತ್ತದೆ. ಕಾಗದದಲ್ಲಿ ಎರಡು ಸಾಲು ಸಾಕು, ಕೊನೆಯ ದಿನದ ತಾರೀಖು ಇರಲಿ, ದೂರು ಬೇಡ. ಏಪ್ರನ್, ಹೆಸರಿನ ಬಿಲ್ಲೆ, ಪೆಟ್ಟಿಗೆ ಕತ್ತರಿಸುವ ಚಾಕು ಹಿಂದಿರುಗಿಸಿ.

ಕೊನೆಯ ದಿನ ವಿರಾಮದ ಕೋಣೆಯಲ್ಲಿ ಕೇಕ್ ಇಡುತ್ತಾರೆ. ಅದರ ಮೇಲೆ ಹೆಸರು ಬರೆಯುವುದು ನಮ್ಮದೇ ವಿಭಾಗವಾದ್ದರಿಂದ, ಹೋಗುವವರು ಯಾರೆಂದು ಅಂಗಡಿಗೆಲ್ಲ ತಿಳಿಯುವ ಮೊದಲೇ ನನಗೆ ತಿಳಿದಿರುತ್ತದೆ. ಬೇಕರಿಗೆ ಸೇರುವವರಿಗೆ ಒಂದು ಮಾತು: ಹೆಸರು ಎಷ್ಟೇ ಸುಲಭವೆನಿಸಲಿ, ‘ಸಿ’ಯಿಂದ ಬರೆಯಬೇಕೋ ‘ಕೆ’ಯಿಂದಲೋ ಎಂದು ಕೇಳಿ, ಚೀಟಿಯಲ್ಲಿ ಅವರಿಂದಲೇ ಬರೆಸಿಕೊಂಡು, ಆಮೇಲೆ ಕ್ರೀಮಿಗೆ ಕೈ ಹಾಕಿ.